ಹನ್ನೊಂದು ಮಣಿಯ ಸರ

ಐಹೊಳೆಗೆ ಬಂದವರಲ್ಲಿ ಹೆಚ್ಚಿನವರು ದುರ್ಗದ ಗುಡಿ ನೋಡಿ, ಫೋಟೊ ತೆಗೆದು, ಬಾದಾಮಿಯ ದಾರಿ ಹಿಡಿಯುತ್ತಾರೆ. ಮೇಗುತಿ ಗುಡ್ಡದ ಮೆಟ್ಟಿಲು ಹತ್ತಿದವರಿಗೆ ಮಾತ್ರ ಬಸದಿಯ ಮೂಡಣ ಗೋಡೆಯಲ್ಲಿ ಜೈನ ಕವಿ ರವಿಕೀರ್ತಿಯ ಸಂಸ್ಕೃತ ಶಾಸನ ಸಿಗುತ್ತದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು, ಮೂರು ಮಹಾರಾಷ್ಟ್ರಕಗಳ 99,000 ಹಳ್ಳಿಗಳಿಗೆ ಒಡೆಯನಾದದ್ದು ಎಲ್ಲ ಅದರಲ್ಲಿದೆ. ಅಚ್ಚಿನ ಪಾಠ ಕೈಯಲ್ಲಿ ಹಿಡಿದು ನಿಂತ ನನ್ನನ್ನು ಹಿಡಿದಿಟ್ಟದ್ದು ಮಾತ್ರ ಕಾಲ ಹೇಳುವ ಪದ್ಯಗಳು.

ಭಾರತ ಯುದ್ಧ ಕಳೆದು ಎಷ್ಟು ವರ್ಷ? ಮೂವತ್ತು, ಮೂರು ಸಾವಿರ, ಏಳುನೂರು, ಐದು. ಕೂಡಿಸಿದರೆ 3735. ಶಕ ವರ್ಷವೆಷ್ಟು? ಐವತ್ತು, ಆರು, ಐನೂರು. ಅಂದರೆ 556, ಕ್ರಿ.ಶ. 634-35. ಅಂಕಿ ಒಂದೂ ಇಲ್ಲ, ಎಲ್ಲ ಮಾತು. ಛಂದಸ್ಸಿಗೆ ಒಗ್ಗುವಂತೆ ಹಿಂದುಮುಂದಾಗಿ ಚೆಲ್ಲಿದ ಕಾಳನ್ನು ಓದುವವನೇ ಆರಿಸಿಕೊಳ್ಳಬೇಕು.

ಇನ್ನೂರು ವರ್ಷದ ನಂತರ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಇನ್ನೊಬ್ಬ ಜೈನ ಸಂಖ್ಯೆಯನ್ನು ಪದ್ಯಕ್ಕೆ ತಂದ. ಆತ ಮಹಾವೀರಾಚಾರ್ಯ, ಕೃತಿ ‘ಗಣಿತಸಾರಸಂಗ್ರಹ’, ಸುಮಾರು 850ರದು. ಏಕ, ದಶದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವನು ಹೆಸರು ಕೊಟ್ಟಿದ್ದಾನೆ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ. ನಾವೋ, ಕೋಟಿ ದಾಟಿದ ಕೂಡಲೇ ಸಾವಿರ ಕೋಟಿ, ಲಕ್ಷ ಕೋಟಿ ಎಂದು ಹಳೆಯ ಹೆಸರುಗಳನ್ನೇ ತಿರುವಿಹಾಕುತ್ತೇವೆ. ಬಜೆಟ್ ಸುದ್ದಿ ಓದಿದರೆ ಗೊತ್ತಾಗುತ್ತದೆ.

ಅವನ ಕೆಲವು ಗುಣಾಕಾರದ ಲೆಕ್ಕಗಳಲ್ಲಿ ಉತ್ತರ ಕೊರಳ ಸರದಂತೆ ಬರುತ್ತದೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರಕ್ಕೇರಿ, ಕ್ರಮವಾಗಿ ಇಳಿಯುವ ಸಂಖ್ಯೆ ಎಂದೇ ಅವನು ಅದನ್ನು ಬಣ್ಣಿಸುತ್ತಾನೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಬಾಯಿಬಿಟ್ಟು ಹೇಳಿದರೆ ಈ ಚೆಲುವೆಲ್ಲ ಮಾಯ!

ಗುಟ್ಟು ಇಷ್ಟೆ. ಇದು 111111ರ ವರ್ಗ. ಪಾಟಿಯ ಮೇಲೆ ಗುಣಿಸಿ ನೋಡಿ: ಆರು ಒಂದುಗಳ ಸಾಲು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿದು ಕೂರುತ್ತದೆ. ನಡುವಿನ ಕಂಬದಲ್ಲಿ ಆರು ಒಂದುಗಳು, ಅಂಚಿನಲ್ಲಿ ಒಂದೊಂದೇ. ಆ 111111 ಎಂಬುದು 3, 7, 11, 13, 37ರ ಗುಣಲಬ್ಧ. ಮೊದಲೆರಡನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ ಮೂರರಿಂದ 5291, ಅದರ ವರ್ಗ 27994681. ಅಂದರೆ ಸರವನ್ನು ಮೊದಲು ಪೋಣಿಸಿ, ಆಮೇಲೆ ಬಿಡಿಸಿ, ಬಿಡಿ ಮಣಿಗಳನ್ನು ಶಿಷ್ಯನ ಕೈಗೆ ಕೊಟ್ಟಂತಿದೆ. ಮೇಷ್ಟ್ರ ಬುದ್ಧಿ!

ಆರಕ್ಕೇ ನಿಲ್ಲಬೇಕೆಂದಿಲ್ಲ, ಒಂಬತ್ತು ಒಂದುಗಳವರೆಗೂ ಸರ ಚೆನ್ನಾಗಿಯೇ ಬರುತ್ತದೆ. ಹತ್ತಕ್ಕೆ ಹೋದಿರೋ, ನಡುಗಂಬದ ಮೊತ್ತ ಹತ್ತಾಗಿ ಕೈಯಲ್ಲಿ ಒಂದು ಉಳಿಯುತ್ತದೆ, ಅದು ಪಕ್ಕದ ಒಂಬತ್ತನ್ನೂ ಹತ್ತು ಮಾಡುತ್ತದೆ. ಉತ್ತರ 1234567900987654321. ಎಡಗಡೆಯ ಎಂಟು ಕಾಣೆ, ನಡುವೆ ಎರಡು ಸೊನ್ನೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಎಳೆ ಪಕ್ಕದ ಕೊಂಡಿಗೆ ಬಿದ್ದರೆ ಮುಂದಿನವೆಲ್ಲ ಒಂದೊಂದು ಮನೆ ಸರಿಯುತ್ತವೆ. ಹತ್ತನೆಯ ಒಂದು ಮಾಡುವ ಕಿತಾಪತಿಯೂ ಇಂಥದ್ದೇ.

ಬಾಗಲಕೋಟೆಗೆ ಮರಳುವ ಬಸ್ಸಿನಲ್ಲಿ ರವಿಕೀರ್ತಿಯ ಸಂಖ್ಯೆಗಳನ್ನೂ ಬಿಡಿಸತೊಡಗಿದೆ. 3735ರಲ್ಲಿ 556 ಕಳೆದರೆ 3179; ಕವಿ ಭಾರತ ಯುದ್ಧದಿಂದ ಎಣಿಸುವ ಕಲಿ ವರ್ಷಕ್ಕೂ ಶಕ ವರ್ಷಕ್ಕೂ ಯಾವತ್ತೂ ಇರುವ ಅಂತರ ಅದೇ. ಕವಿಯ ಲೆಕ್ಕ ತಪ್ಪಿಲ್ಲ. ಇನ್ನು 556 ಎಂದರೆ ನಾಲ್ಕು ಸಲ 139. ಈ 139ನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಟಿಪ್ಪಣಿ ಪುಸ್ತಕದ ಹಾಳೆ ತಿರುವಿದೆ. ಮಹಾವೀರಾಚಾರ್ಯನ ಸರಗಳ ಪಟ್ಟಿಯಲ್ಲೇ ಇತ್ತು: 139ನ್ನು 109ರಿಂದ ಗುಣಿಸಿದರೆ 15151. ಬರೀ ಕಾಕತಾಳೀಯ, ಗೊತ್ತು. ಆದರೂ ಪಕ್ಕದ ಸೀಟಿನವರಿಗೆ ಹೇಳದೆ ಇರಲಾಗಲಿಲ್ಲ.