ವಿಮೆ ಕಾರ್ಡ್ ಒಂದೇ, ಪಂಪ್ ಮಾತ್ರ ಬೇರೆ: ಅಮೆರಿಕದ ಅಸ್ತಮಾ ರೋಗಿಗಳ ಕಥೆ

ಆರೋಗ್ಯ ಕಾರ್ಡ್ ಕೈಲಿದ್ರೆ ಎಲ್ಲರಿಗೂ ಒಂದೇ ತರ ಚಿಕಿತ್ಸೆ ಸಿಗುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಅಮೆರಿಕದ ಅಸ್ತಮಾ ರೋಗಿಗಳ ವಿಷಯದಲ್ಲಿ ಹಾಗಾಗಿಲ್ಲ. ಅಲ್ಲಿ ಅಸ್ತಮಾದಿಂದ ಸಾಯುವವರ ಪ್ರಮಾಣ ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಎರಡು ಪಟ್ಟಿಗಿಂತಲೂ ಹೆಚ್ಚು. ಅವರಲ್ಲಿ ವಿಮೆ ಇಲ್ಲದವರು ಜಾಸ್ತಿ, ಅದಕ್ಕೇ ಹೀಗೆ ಎನ್ನುವ ವಾದವಿತ್ತು. ವಿಮೆ ಇದ್ದವರಲ್ಲೂ ವ್ಯತ್ಯಾಸ ಕಂಡಾಗ ಆ ವಾದ ನಿಲ್ಲಲಿಲ್ಲ.

ಮುಂದಿನದು ಅರ್ಥವಾಗಲು ಪಂಪ್‌ಗಳ ವಿಷಯ ಗೊತ್ತಿರಬೇಕು. ಒಂದು, ಉಬ್ಬಸ ಬಂದಾಗ ಎಳೆಯುವುದು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪ್. ತಕ್ಷಣ ಉಸಿರು ಸಲೀಸಾಗುತ್ತೆ, ಆದ್ರೆ ಒಳಗಿನ ಊತ ಹಾಗೇ ಇರುತ್ತೆ. ಇನ್ನೊಂದು ಸ್ಟೀರಾಯ್ಡ್ ಪಂಪ್. ಉಬ್ಬಸ ಇರಲಿ ಬಿಡಲಿ, ದಿನಾ ಎಳೆಯಬೇಕು. ಜೀವ ಉಳಿಸೋದು ಮುಖ್ಯವಾಗಿ ಇದೇ.

2002ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮ್ಯಾಸಚೂಸೆಟ್ಸ್ ರಾಜ್ಯಗಳ ಮಕ್ಕಳನ್ನು ನೋಡಿತು. ಎಲ್ಲರಿಗೂ ಇದ್ದದ್ದು ಬಡವರಿಗಾಗಿ ಸರ್ಕಾರ ಕೊಡುವ ಮೆಡಿಕೈಡ್ ವಿಮೆಯೇ. ಆದರೂ ಕಪ್ಪು ಮತ್ತು ಲ್ಯಾಟಿನೋ ಮಕ್ಕಳಲ್ಲಿ ಕಾಯಿಲೆ ಹೆಚ್ಚು ಜೋರಾಗಿತ್ತು, ದಿನಾ ಎಳೆಯುವ ಪಂಪ್ ಬಳಕೆ ಮಾತ್ರ ಬಿಳಿಯ ಮಕ್ಕಳಿಗಿಂತ ಕಡಿಮೆ. ಹಿಂದಿನ ವರ್ಷ ಬಂದ ದೊಡ್ಡವರ ಅಧ್ಯಯನದಲ್ಲೂ ಇದೇ ಕಂಡಿತ್ತು.

ಯಾಕೆ ಹೀಗೆ? ಕೆಲವು ಕಡೆ ವೈದ್ಯರೇ ಬರೆದುಕೊಡುವುದಿಲ್ಲ. ಬರೆದುಕೊಟ್ಟರೂ ವಿಮೆ ಇದ್ದವರಲ್ಲೂ ಹಲವರು ಪ್ರತಿ ಸಲ ಸ್ವಲ್ಪ ದುಡ್ಡು ಕೈಯಿಂದ ಹಾಕಬೇಕು. ಉಬ್ಬಸ ಇಲ್ಲದ ತಿಂಗಳು ಆ ದುಡ್ಡು ಯಾರಿಗೂ ದಂಡ ಅನ್ನಿಸುತ್ತೆ. (ನಮ್ಮ ಆಯುಷ್ಮಾನ್ ಕಾರ್ಡ್ ಕೂಡ ಮುಖ್ಯವಾಗಿ ಆಸ್ಪತ್ರೆಗೆ ಅಡ್ಮಿಟ್ ಆದವರಿಗೇ, ತಿಂಗಳ ಪಂಪ್ ಖರ್ಚು ನಮ್ಮದೇ.)

ಊದಿಸಿ ಶ್ವಾಸಕೋಶದ ಬಲ ನೋಡುವ ಯಂತ್ರದ್ದು ಇನ್ನೂ ವಿಚಿತ್ರ. ಕಪ್ಪು ವರ್ಣೀಯರ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದು ಅಂತ ಲೆಕ್ಕ ಹಿಡಿದು, ಅವರ 'ನಾರ್ಮಲ್' ಮಟ್ಟವನ್ನೇ ಸುಮಾರು 10ರಿಂದ 15 ಶೇಕಡಾ ಕೆಳಗಿಟ್ಟಿದ್ದರು. ಕಾಯಿಲೆ ಇದ್ದವರಿಗೂ ರಿಪೋರ್ಟ್ ಸರಿಯಾಗಿದೆ ಅಂತ ಬರುವ ಅಪಾಯ ಇತ್ತು. ಈ ಪದ್ಧತಿ ಬಿಡಿ ಎಂದು ಅಮೆರಿಕನ್ ಥೊರಾಸಿಕ್ ಸೊಸೈಟಿ ಹೇಳಿದ್ದು 2023ರಲ್ಲಿ!

ಮನೆ ಇರೋ ಜಾಗವೂ ಲೆಕ್ಕಕ್ಕೆ ಬರುತ್ತೆ. 1930ರ ದಶಕದಲ್ಲಿ ನಕ್ಷೆಯ ಮೇಲೆ ಕೆಂಪು ಬಣ್ಣ ಹಚ್ಚಿ, ಮನೆ ಸಾಲಕ್ಕೆ ಅಪಾಯದ ಜಾಗ ಅಂತ ಗುರುತಿಸಿದ ಬಡಾವಣೆಗಳಿದ್ದವು. ಕ್ಯಾಲಿಫೋರ್ನಿಯಾದ ಎಂಟು ನಗರಗಳಲ್ಲಿ ಇಂದಿಗೂ ಆ ಬಡಾವಣೆಗಳಿಂದ ಅಸ್ತಮಾಕ್ಕಾಗಿ ತುರ್ತು ಚಿಕಿತ್ಸೆಗೆ ಬರುವವರ ಪ್ರಮಾಣ, ಅಂದು ಉತ್ತಮ ಎನಿಸಿಕೊಂಡ ಬಡಾವಣೆಗಳಿಗಿಂತ 2.4 ಪಟ್ಟು ಎಂದು 2020ರ ಅಧ್ಯಯನ ಹೇಳಿತು.

2022ರಲ್ಲಿ ಒಂದು ಒಳ್ಳೆ ಸುದ್ದಿ ಬಂತು. 1,201 ಕಪ್ಪು ಮತ್ತು ಲ್ಯಾಟಿನೋ ರೋಗಿಗಳ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ, ಉಬ್ಬಸದ ಪಂಪ್ ಎಳೆದಾಗಲೆಲ್ಲ ಜೊತೆಗೆ ಸ್ಟೀರಾಯ್ಡ್ ಪಂಪ್ ಕೂಡ ಎಳೆಯಿರಿ ಎಂದು ಹೇಳಿಕೊಟ್ಟರು. ಇಷ್ಟರಿಂದಲೇ ಉಳಿದವರಿಗಿಂತ ಅವರಲ್ಲಿ ತೀವ್ರ ದಾಳಿ ಸುಮಾರು 15 ಶೇಕಡಾ ಕಡಿಮೆಯಾಯಿತು.