ಹತ್ತು ಪುಟದ ಭಯ, ಒಂದೂವರೆ ಗಂಟೆಯ ಕತ್ತಲು

ಈ ಕಥೆಯಲ್ಲಿ ರಾಕ್ಷಸನೇ ಇಲ್ಲವಲ್ಲ ಎಂಬುದು ಸ್ಯಾಮ್ಯುಯೆಲ್ ಆರ್ಕಾಫ್ ಅವರ ತಕರಾರು. ಅವರು ನಡೆಸುತ್ತಿದ್ದ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕಂಪನಿ ಹತ್ತು ಹತ್ತು ದಿನದಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು, ಎರಡನ್ನು ಜೋಡಿ ಮಾಡಿ ಒಂದೇ ಟಿಕೆಟ್ಟಿಗೆ ತೋರಿಸುತ್ತಿತ್ತು. ಅಂಥ ಕಡೆ ಹೋಗಿ ರೋಜರ್ ಕಾರ್ಮನ್, ಎರಡು ಚಿತ್ರದ ದುಡ್ಡನ್ನು ಒಂದಕ್ಕೇ ಹಾಕಿ, ಬಣ್ಣದಲ್ಲಿ, ಸಿನಿಮಾಸ್ಕೋಪಿನಲ್ಲಿ, ಹದಿನೈದು ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದರು. ಕಥೆ ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’. ರಾಕ್ಷಸನ ಪ್ರಶ್ನೆಗೆ ಕಾರ್ಮನ್ ಕೊಟ್ಟ ಉತ್ತರ ಸಿನಿಮಾ ಮಂದಿಯ ನಡುವೆ ಇಂದಿಗೂ ಓಡಾಡುತ್ತದೆ: ಆ ಮನೆಯೇ ರಾಕ್ಷಸ. 1960ರಲ್ಲಿ ತೆರೆಕಂಡ ‘ಹೌಸ್ ಆಫ್ ಅಷರ್’ ಗೆದ್ದಿತು. ನಂತರದ ನಾಲ್ಕು ವರ್ಷ ಕಾರ್ಮನ್ ಒಂದರ ಹಿಂದೊಂದು ಪೋ ಚಿತ್ರಗಳನ್ನು ತೆಗೆದರು.

ಹಳೆಯ ಗಾಥಿಕ್ ಭಯದ ಸಿನಿಮಾಗಳೆಂದರೆ ನಮಗೆ ಥಟ್ಟನೆ ನೆನಪಾಗುವುದು ಡ್ರಾಕುಲಾ, ಫ್ರಾಂಕೆನ್‌ಸ್ಟೈನ್. ಎರಡೂ ಕಾದಂಬರಿಯಿಂದ ಬಂದವು. ಕಾದಂಬರಿಯನ್ನು ಸಿನಿಮಾ ಮಾಡುವವರದು ಕತ್ತರಿಸುವ ಕೆಲಸ. ಸಣ್ಣಕಥೆಯನ್ನು ಹಿಡಿದವರದು ಅದಕ್ಕೆ ತದ್ವಿರುದ್ಧ ಪಾಡು. ಒಂದೇ ಕೂತಲ್ಲಿ ಓದಿ ಮುಗಿಯಬೇಕು, ಓದುಗನ ಮೇಲೆ ಒಂದೇ ಪರಿಣಾಮ ಆಗಬೇಕು ಎಂದು ಪೋ 1842ರಲ್ಲಿ ಹಾಥಾರ್ನ್ ಕಥೆಗಳ ವಿಮರ್ಶೆ ಬರೆಯುತ್ತಾ ವಾದಿಸಿದ. ಹಾಗಾಗಿ ಅವನ ಕಥೆಗಳಲ್ಲಿ ಹಿನ್ನೆಲೆ ಇಲ್ಲ, ಕಾರಣಗಳಿಲ್ಲ, ಕೆಲವೊಮ್ಮೆ ನಿರೂಪಕನಿಗೆ ಹೆಸರೂ ಇಲ್ಲ. ಸಣ್ಣಕಥೆ ಕೊಡುವುದು ಹೆಪ್ಪನ್ನು ಮಾತ್ರ, ಹಾಲನ್ನು ನಿರ್ದೇಶಕ ಬೇರೆ ಕಡೆಯಿಂದ ತರಬೇಕು. ಎಲ್ಲಿಂದ ತಂದ ಎಂಬುದರಲ್ಲೇ ಆ ಚಿತ್ರದ ಹಣೆಬರಹ ಇರುತ್ತದೆ ಎಂಬುದು ಈ ಚಿತ್ರಗಳನ್ನು ಅವುಗಳ ಮೂಲಕಥೆಯ ಜೊತೆಗಿಟ್ಟು ನೋಡಿದಾಗ ನನಗೆ ಕಂಡದ್ದು.

ಪೋ ಬರೆದ ಅಷರ್ ಕಥೆಯಲ್ಲಿ ನಡೆಯುವುದು ಬಹಳ ಕಡಿಮೆ. ಬಾಲ್ಯದ ಗೆಳೆಯನೊಬ್ಬ ರೋಡರಿಕ್ ಅಷರ್‌ನನ್ನು ನೋಡಲು ಬರುತ್ತಾನೆ. ಅಷರ್ ವಿಚಿತ್ರ ಕಾಯಿಲೆಯವನು: ಬೆಳಕು, ವಾಸನೆ, ಸದ್ದು ಯಾವುದನ್ನೂ ತಡೆದುಕೊಳ್ಳಲಾರ. ತಂಗಿ ಮ್ಯಾಡಲಿನ್ ಸತ್ತಳೆಂದು ಮನೆಯ ನೆಲಮಾಳಿಗೆಯಲ್ಲಿ ಇಡುತ್ತಾರೆ. ಅವಳು ಸತ್ತಿರುವುದಿಲ್ಲ. ಕೊನೆಗೆ ಎದ್ದು ಬಂದು ಅಣ್ಣನ ಮೇಲೆ ಬೀಳುತ್ತಾಳೆ, ಮನೆ ಬಿರುಕು ಬಿಟ್ಟು ಎದುರಿನ ಕೊಳದಲ್ಲಿ ಮುಳುಗುತ್ತದೆ. ಚಿತ್ರಕಥೆ ಬರೆದ ರಿಚರ್ಡ್ ಮ್ಯಾಥಿಸನ್ ಇದರಲ್ಲಿ ಒಂದು ಎಳೆ ಬದಲಿಸಿದರು. ಬಂದವನು ಗೆಳೆಯನಲ್ಲ, ಮ್ಯಾಡಲಿನ್‌ಳನ್ನು ಮದುವೆಯಾಗಬೇಕಾದ ಹುಡುಗ. ಗೆಳೆಯನಾದರೆ ಬೇಜಾರಾಗಿ ಮರುದಿನವೇ ಕುದುರೆ ಹತ್ತಿ ಹೋಗಬಹುದಿತ್ತು. ಈ ಹುಡುಗ ಹೋಗಲಾರ. ವಂಶ ಇಲ್ಲಿಗೇ ಕೊನೆಯಾಗಲಿ ಎನ್ನುವ ಅಣ್ಣ, ತಂಗಿಯನ್ನು ಕರೆದೊಯ್ಯಲು ಬಂದವನು, ಇವರಿಬ್ಬರ ಎಳೆದಾಟವೇ ಇಡೀ ಚಿತ್ರವನ್ನು ಹೊತ್ತು ನಡೆಯುತ್ತದೆ.

ಆದರೆ ನಿಜವಾದ ಬದಲಾವಣೆ ಇರುವುದು ಒಂದು ಚಿಕ್ಕ ದೃಶ್ಯದಲ್ಲಿ. ಮನೆಯೊಳಗಿನ ಪ್ರಾರ್ಥನಾ ಮಂದಿರದಲ್ಲಿ ಮ್ಯಾಡಲಿನ್‌ಳ ಪೆಟ್ಟಿಗೆ ತೆರೆದಿಟ್ಟಿದೆ. ಹುಡುಗ ತಲೆ ತಗ್ಗಿಸಿ ದುಃಖದಲ್ಲಿದ್ದಾನೆ. ಅವಳ ಬೆರಳುಗಳು ಅಲುಗುತ್ತವೆ. ಅದನ್ನು ರೋಡರಿಕ್ ನೋಡುತ್ತಾನೆ, ನೋಡಿದವನೇ ಮುಚ್ಚಳ ಹಾಕುತ್ತಾನೆ. ಪೋ ಕಥೆಯ ರೋಡರಿಕ್ ಪೆಟ್ಟಿಗೆಯೊಳಗಿನ ಸದ್ದನ್ನು ದಿನಗಟ್ಟಲೆ ಕೇಳಿಸಿಕೊಂಡೂ ಬಾಯಿಬಿಡಲು ಧೈರ್ಯವಿಲ್ಲದವನು. ಸಿನಿಮಾದ ರೋಡರಿಕ್ ಎಲ್ಲ ತಿಳಿದು ಜೀವಂತ ತಂಗಿಯನ್ನು ಹೂಳುತ್ತಾನೆ. ಹೇಡಿಯಾಗಿದ್ದವನು ಕೊಲೆಗಾರನಾದ. ಹಾಗಿದ್ದೂ ಅವನನ್ನು ದ್ವೇಷಿಸಲು ನಮ್ಮಿಂದ ಆಗುವುದಿಲ್ಲ. ಕೂದಲನ್ನು ಬೆಳ್ಳಗೆ ಮಾಡಿಕೊಂಡು, ತನ್ನ ದನಿಯೇ ತನಗೆ ನೋವು ಕೊಡುತ್ತದೇನೋ ಎಂಬಷ್ಟು ಮೆತ್ತಗೆ ಮಾತಾಡುವ ವಿನ್ಸೆಂಟ್ ಪ್ರೈಸ್ ಅಷ್ಟು ದೊಡ್ಡ ನಟ. ಈ ವಂಶದ ಕೆಡುಕು ಹೊರಜಗತ್ತಿಗೆ ಹರಡಬಾರದು ಎಂದು ಅವನು ಹೇಳುವಾಗ ಅದರಲ್ಲಿ ಕಪಟವಿಲ್ಲ, ಅವನು ಅದನ್ನು ಪೂರ್ತಿ ನಂಬಿದ್ದಾನೆ.

ಇನ್ನು ಆ ಮನೆ. ಕಲಾ ನಿರ್ದೇಶಕ ಡೇನಿಯಲ್ ಹಾಲರ್ ಅದನ್ನು ಸಣ್ಣ ಬಜೆಟ್ಟಿನಲ್ಲೇ ಕಟ್ಟಿದರು. ಕ್ಯಾಮೆರಾ ಹಿಡಿದವರು ಫ್ಲಾಯ್ಡ್ ಕ್ರಾಸ್ಬಿ, ‘ಟಬು’ ಚಿತ್ರಕ್ಕಾಗಿ ಆಸ್ಕರ್ ಪಡೆದಿದ್ದ ಹಿರಿಯರು. ಹಾಲಿವುಡ್ ಬೆಟ್ಟಗಳಲ್ಲಿ ಕಾಡ್ಗಿಚ್ಚು ಬಿದ್ದ ಸುದ್ದಿ ತಿಳಿದು ಕಾರ್ಮನ್ ತಂಡ ಕಟ್ಟಿಕೊಂಡು ಅಲ್ಲಿಗೇ ಹೋದರು. ಚಿತ್ರದ ಆರಂಭದಲ್ಲಿ ಹುಡುಗ ಕುದುರೆ ಮೇಲೆ ಹಾದುಬರುವ ಆ ಸುಟ್ಟ, ಬೂದಿ ಮುಚ್ಚಿದ ನೆಲ ನಿಜವಾದದ್ದು. ಕೊನೆಯ ಬೆಂಕಿಯೂ ನಿಜವೇ: ಕೆಡವಬೇಕೆಂದಿದ್ದ ಹಳೆಯ ಕೊಟ್ಟಿಗೆಯೊಂದಕ್ಕೆ ಮಾಲೀಕನಿಗೆ ದುಡ್ಡು ಕೊಟ್ಟು ಬೆಂಕಿ ಹಚ್ಚಿ ಚಿತ್ರೀಕರಿಸಿದ್ದು. ಆ ಉರಿಯುವ ತೊಲೆಗಳನ್ನು ಕಾರ್ಮನ್ ಮುಂದಿನ ಚಿತ್ರಗಳಲ್ಲೂ ಬಳಸಿದರು. ಕೈಯಲ್ಲಿ ಕಾಸು ಕಡಿಮೆ ಇದ್ದವರ ಈ ಹುಡುಕಾಟವೇ ಮನೆಗೆ ಜೀವ ತುಂಬಿತೆಂದು ನನಗನ್ನಿಸುತ್ತದೆ. ದುಡ್ಡು ಹೆಚ್ಚಿದ್ದರೆ ಆ ನೆಲವನ್ನೂ ಸ್ಟುಡಿಯೋದಲ್ಲೇ ಕಟ್ಟುತ್ತಿದ್ದರು.

ಮರುವರ್ಷದ ‘ಪಿಟ್ ಅಂಡ್ ದಿ ಪೆಂಡುಲಮ್’ ಇನ್ನೂ ಕಷ್ಟದ ಲೆಕ್ಕ. ಅಲ್ಲಿ ಪೋ ಕೊಟ್ಟಿದ್ದು ಒಂದು ಕತ್ತಲಕೋಣೆ, ಒಬ್ಬ ಕೈದಿ, ಮೇಲಿನಿಂದ ತೂಗುತ್ತಾ ಇಳಿಯುವ ಬ್ಲೇಡು, ಅಷ್ಟೇ. ಮ್ಯಾಥಿಸನ್ ಅದನ್ನು ಕೊನೆಯ ಭಾಗಕ್ಕೆ ಮೀಸಲಿಟ್ಟು, ಅಲ್ಲಿಗೆ ತಲುಪಿಸುವ ಕಥೆಯನ್ನೆಲ್ಲ ತಾವೇ ಹೊಸೆದರು. ಹೊಸೆದದ್ದು ಗೊತ್ತಾಗುತ್ತದೆ. 1964ರ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ ಹೊತ್ತಿಗೆ ಕಾರ್ಮನ್ ಇಂಗ್ಲೆಂಡಿಗೆ ಹೋದರು, ಕ್ಯಾಮೆರಾ ನಿಕೊಲಸ್ ರೋಗ್ ಕೈಯಲ್ಲಿತ್ತು. ಬಣ್ಣದ ಕೋಣೆಗಳ ಸಾಲನ್ನು ಅವರು ತೋರಿಸಿದ ಬಗೆಗೆ ಮರುಳಾಗದಿರುವುದು ಕಷ್ಟ.

ಹೀಗೆ ಇಲ್ಲದ್ದನ್ನು ತುಂಬುವುದು ಒಂದು ದಾರಿ. ಕಥೆಗಾರ ಮರೆಯಲ್ಲಿಟ್ಟಿದ್ದನ್ನು ತೆರೆಯ ಮೇಲೆ ತಂದು ನಿಲ್ಲಿಸುವುದು ಇನ್ನೊಂದು, ಹೆಚ್ಚು ಅಪಾಯದ ದಾರಿ. ಕೇಂಬ್ರಿಡ್ಜ್‌ನ ವಿದ್ವಾಂಸ ಎಂ.ಆರ್. ಜೇಮ್ಸ್ ಕ್ರಿಸ್‌ಮಸ್ ಹೊತ್ತಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು ತಾವು ಬರೆದ ದೆವ್ವದ ಕಥೆಗಳನ್ನು ಓದುತ್ತಿದ್ದವರು. 1911ರಲ್ಲಿ ಪ್ರಕಟವಾದ ಅವರ ‘ಕಾಸ್ಟಿಂಗ್ ದಿ ರೂನ್ಸ್’ ಕಥೆಯಲ್ಲಿ ಕಾರ್ಸ್‌ವೆಲ್ ಎಂಬ ಮಾಟಗಾರ, ತನ್ನ ಬರಹವನ್ನು ತಿರಸ್ಕರಿಸಿದವರಿಗೆ ಮಂತ್ರಾಕ್ಷರದ ಚೀಟಿಯೊಂದನ್ನು ಗೊತ್ತಾಗದಂತೆ ದಾಟಿಸುತ್ತಾನೆ. ಚೀಟಿ ಪಡೆದವನು ಗಡುವಿನೊಳಗೆ ಅದನ್ನು ಕಾರ್ಸ್‌ವೆಲ್ ತಾನಾಗಿ ತೆಗೆದುಕೊಳ್ಳುವಂತೆ ಮಾಡಿದರೆ ಬದುಕುತ್ತಾನೆ, ಇಲ್ಲವಾದರೆ ಇಲ್ಲ. ಬೆನ್ನು ಹತ್ತಿದ ಜೀವಿಯನ್ನು ಜೇಮ್ಸ್ ತೋರಿಸುವುದೇ ಇಲ್ಲ. ಚೀಟಿ ಪಡೆದ ಡನ್ನಿಂಗ್ ರಾತ್ರಿ ಕತ್ತಲಲ್ಲಿ ದಿಂಬಿನ ಕೆಳಗೆ ಕೈ ಹಾಕುತ್ತಾನೆ. ಅಲ್ಲಿ ಕೈಗೆ ತಾಗುವುದು ಹಲ್ಲಿರುವ, ಸುತ್ತ ಕೂದಲಿರುವ ಒಂದು ಬಾಯಿ. ಅಷ್ಟು ಹೇಳಿ ಜೇಮ್ಸ್ ಮುಂದೆ ಹೋಗುತ್ತಾರೆ. ಓದಿದ ರಾತ್ರಿ ದಿಂಬು ಸರಿಮಾಡಿಕೊಳ್ಳಲೂ ಮನಸ್ಸು ಹಿಂಜರಿಯುತ್ತದೆ.

ಇದನ್ನು 1957ರಲ್ಲಿ ‘ನೈಟ್ ಆಫ್ ದಿ ಡೀಮನ್’ ಎಂದು ತೆರೆಗೆ ತಂದವರು ಝಾಕ್ ಟೂರ್ನರ್. ಕಾಣದ್ದನ್ನು ಕಾಣದಂತೆಯೇ ಇಟ್ಟು ಹೆದರಿಸುವುದರಲ್ಲಿ ಅವರನ್ನು ಮೀರಿದವರು ಕಡಿಮೆ. 1942ರ ‘ಕ್ಯಾಟ್ ಪೀಪಲ್’ನಲ್ಲಿ ಈಜುಕೊಳದ ಗೋಡೆಯ ಮೇಲಾಡುವ ನೆರಳಿನಲ್ಲೇ ಅವರು ಚಿರತೆಯನ್ನು ಸೃಷ್ಟಿಸಿದ್ದರು. ಆದರೆ ಇಲ್ಲಿ ನಿರ್ಮಾಪಕ ಹಾಲ್ ಚೆಸ್ಟರ್ ಹಟ ಹಿಡಿದು ಚಿತ್ರದ ಮೊದಲಲ್ಲೂ ಕೊನೆಯಲ್ಲೂ ರಾಕ್ಷಸನನ್ನು ಹತ್ತಿರದಿಂದ ತೋರಿಸಿದರು. ಚಿತ್ರಕಥೆಗಾರ ಚಾರ್ಲ್ಸ್ ಬೆನೆಟ್ ಆ ಸಿಟ್ಟನ್ನು ಕೊನೆವರೆಗೂ ಮರೆಯಲಿಲ್ಲ. ನನ್ನ ಅಭಿಪ್ರಾಯವೂ ಬೆನೆಟ್ ಪರವೇ. ನಾಯಕ ಹೋಲ್ಡನ್ ಯಾವುದನ್ನೂ ನಂಬದ ವಿಜ್ಞಾನಿ; ಅವನ ಜೊತೆ ನಾವೂ ಅನುಮಾನದಿಂದ ಶುರುಮಾಡಿ ಮೆಲ್ಲಗೆ ನಂಬಿಕೆಯತ್ತ ಜಾರಬೇಕಿತ್ತು. ರಾಕ್ಷಸನನ್ನು ಮೊದಲೇ ಕಂಡ ನಮಗೆ ಆ ದಾರಿ ಮುಚ್ಚಿಹೋಗಿದೆ.

ಆದರೂ ಈ ಚಿತ್ರವನ್ನು ನಾನು ಬಿಟ್ಟುಕೊಡಲಾರೆ, ಅದಕ್ಕೆ ಕಾರಣ ಮಕ್ಕಳ ದೃಶ್ಯ. ಜೇಮ್ಸ್ ಕಥೆಯ ಕಾರ್ಸ್‌ವೆಲ್ ಊರ ಮಕ್ಕಳನ್ನು ಕರೆದು, ಮ್ಯಾಜಿಕ್ ಲ್ಯಾಂಟರ್ನ್‌ನಲ್ಲಿ ಭಯಂಕರ ಚಿತ್ರಗಳನ್ನು ತೋರಿಸಿ ಅಳಿಸಿ ಓಡಿಸುವ ದುಷ್ಟ. ಸಿನಿಮಾದ ಕಾರ್ಸ್‌ವೆಲ್ ಕೋಡಂಗಿ ವೇಷ ಹಾಕಿಕೊಂಡು ಮಕ್ಕಳನ್ನು ನಗಿಸುತ್ತಾನೆ, ಮನೆಯಲ್ಲಿ ಮುದಿ ತಾಯಿಯಿದ್ದಾಳೆ, ಹುಲ್ಲುಹಾಸಿನ ಮೇಲೆ ಬಿಸಿಲಿದೆ. ಹೋಲ್ಡನ್ ಮೂದಲಿಸಿದಾಗ ಅವನು ಸುಮ್ಮನೆ ಹಣೆ ಒತ್ತಿಕೊಂಡು ನಿಲ್ಲುತ್ತಾನೆ. ಗಾಳಿ ಏಳುತ್ತದೆ, ಕುರ್ಚಿಗಳು ಉರುಳುತ್ತವೆ, ಮಕ್ಕಳು ಕಿರುಚುತ್ತಾ ಮನೆಯೊಳಗೆ ಓಡುತ್ತಾರೆ. ಕೆಡುಕನ ಪಾತ್ರ ಮಾಡಿದ ನಿಯಲ್ ಮೆಗಿನಿಸ್ ಆ ಕ್ಷಣದಲ್ಲಿ ಗೆದ್ದವನಂತಲ್ಲ, ತನ್ನ ಶಕ್ತಿಗೆ ತಾನೇ ಅಂಜಿದವನಂತೆ ಕಾಣುತ್ತಾರೆ. ಜೇಮ್ಸ್ ಬರೆಯದ ಈ ದೃಶ್ಯ ಕಥೆಗೆ ತಕ್ಕದ್ದು. ಚೀಟಿಯನ್ನು ತೋರಿಸಿದ ರೀತಿಯೂ ಹಾಗೆಯೇ: ಹೋಲ್ಡನ್ ಕೈಯಿಂದ ತಾನಾಗಿ ಹಾರಿ ಬೆಂಕಿಗೂಡಿನತ್ತ ಹೋಗಿ, ಮುಂದಿನ ಜಾಲರಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುವ ಒಂದು ಚೂರು ಕಾಗದ. ಆ ಭಾರೀ ರಾಕ್ಷಸನಿಂದ ಆಗದ ಕೆಲಸವನ್ನು ಅದು ಮಾಡುತ್ತದೆ.

ಗೊಗೊಲ್ 1835ರಲ್ಲಿ ಪ್ರಕಟಿಸಿದ ‘ವಿಯ್’ ಕಥೆಗೂ ಇಂಥದೇ ಎರಡು ಬಾಳು ಸಿಕ್ಕಿತು. ಇಟಲಿಯ ಮಾರಿಯೊ ಬಾವಾ ಅದರ ನೆಪ ಮಾತ್ರ ಇಟ್ಟುಕೊಂಡು 1960ರಲ್ಲಿ ‘ಬ್ಲ್ಯಾಕ್ ಸಂಡೇ’ ತೆಗೆದರು. 1967ರಲ್ಲಿ ಮಾಸ್‌ಫಿಲ್ಮ್ ತೆಗೆದ ‘ವಿಯ್’ ಕಥೆಯನ್ನು ಬಹುಮಟ್ಟಿಗೆ ಇದ್ದ ಹಾಗೇ ಹಿಡಿಯಿತು: ಪಾಳು ಚರ್ಚು, ಶವದ ಮುಂದೆ ಪ್ರಾರ್ಥನೆ ಓದುವ ವಿದ್ಯಾರ್ಥಿ, ಅವನ ಸುತ್ತ ಸೀಮೆಸುಣ್ಣದ ಗೆರೆ, ಮೂರು ರಾತ್ರಿ.

ನಮ್ಮ ಕಡೆಗೆ ಬಂದರೆ ಟ್ಯಾಗೋರರನ್ನು ದಾಟಿ ಹೋಗುವಂತಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಸರ್ಕಾರಿ ಕೆಲಸದಲ್ಲಿ ಊರೂರು ತಿರುಗಿದವರು, ತಮ್ಮನೂ ಅಲ್ಲಲ್ಲಿ ಹೋಗಿ ಉಳಿದದ್ದುಂಟು. ಕಾರವಾರದ ಕಡಲ ದಂಡೆ ತರುಣ ಕವಿಯಿಂದ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆಸಿತು. ಅದಕ್ಕೂ ಮೊದಲು ಅಹಮದಾಬಾದಿನಲ್ಲಿ ಅಣ್ಣ ವಾಸವಿದ್ದ ಶಾಹಿಬಾಗ್ ಅರಮನೆ 1895ರ ‘ಕ್ಷುಧಿತ ಪಾಷಾಣ’ ಕಥೆಯ ಬೀಜವಾಯಿತು. ತಪನ್ ಸಿನ್ಹಾ ಅದನ್ನು 1960ರಲ್ಲಿ ಸಿನಿಮಾ ಮಾಡಿದರು; ಸೌಮಿತ್ರ ಚಟರ್ಜಿಯ ಅಭಿನಯಕ್ಕಿಂತ ಉಸ್ತಾದ್ ಅಲಿ ಅಕ್ಬರ್ ಖಾನರ ಸಂಗೀತವೇ ಅಲ್ಲಿ ಅರಮನೆ ಕಟ್ಟುತ್ತದೆ.

ಆದರೆ ನನ್ನ ಮನಸ್ಸು ನಿಲ್ಲುವುದು ಸತ್ಯಜಿತ್ ರಾಯ್ ಅವರ ‘ಮಣಿಹಾರ’ದಲ್ಲಿ. 1961ರಲ್ಲಿ ಟ್ಯಾಗೋರ್ ಜನ್ಮಶತಮಾನೋತ್ಸವಕ್ಕೆಂದು ರಾಯ್ ತೆಗೆದ ‘ತೀನ್ ಕನ್ಯಾ’ದ ಮೂರು ಕಥೆಗಳಲ್ಲಿ ಇದು ನಡುವಿನದು. ಹೊರದೇಶಕ್ಕೆ ಹೋದ ಪ್ರತಿಯಲ್ಲಿ ಇದನ್ನೇ ಕೈಬಿಟ್ಟು ‘ಟೂ ಡಾಟರ್ಸ್’ ಎಂದು ತೋರಿಸಿದರು, ಹಾಗಾಗಿ ಅಲ್ಲಿನ ಎಷ್ಟೋ ಜನ ಇದನ್ನು ಬಹುಕಾಲ ನೋಡಲೇ ಇಲ್ಲ. ಫಣಿಭೂಷಣನ ಹೆಂಡತಿ ಮಣಿಮಾಲಿಕಾಳಿಗೆ ಒಡವೆಯೇ ಪ್ರಾಣ. ಗಂಡನ ವ್ಯವಹಾರ ಮುಗ್ಗರಿಸಿದಾಗ ತನ್ನ ಒಡವೆಗೆ ಕೈ ಹಾಕುತ್ತಾನೆಂದು ಹೆದರಿ, ಅವನಿಲ್ಲದ ಹೊತ್ತಲ್ಲಿ ಎಲ್ಲವನ್ನೂ ತೆಗೆದುಕೊಂಡು ದೂರದ ನೆಂಟನೊಬ್ಬನ ಜೊತೆ ಹೊರಟುಹೋಗುತ್ತಾಳೆ. ಮತ್ತೆ ಅವಳ ಸುಳಿವಿಲ್ಲ.

ಟ್ಯಾಗೋರರ ಕಥೆಯಲ್ಲಿ ಭಯ ಬರುವುದು ಕಿವಿಯಿಂದ. ನದಿಯ ಮೆಟ್ಟಿಲೇರಿ ಬರುವ ಒಡವೆಯ ಝಣಝಣ, ಜೊತೆಗೆ ಒಣ ಮೂಳೆ ಕಲ್ಲಿಗೆ ತಾಗುವ ಸದ್ದು, ರಾತ್ರಿಯಿಂದ ರಾತ್ರಿಗೆ ಹತ್ತಿರ. ಕೊನೆಗೆ ಮೈತುಂಬ ಒಡವೆಯಿಟ್ಟ ಅಸ್ಥಿಪಂಜರದ ಹಿಂದೆ ಅವನು ನದಿಗಿಳಿಯುತ್ತಾನೆ. ಇಡೀ ಅಸ್ಥಿಪಂಜರವನ್ನು ತೆರೆಯ ಮೇಲೆ ನಡೆಸಿದ್ದರೆ ಏನಾಗುತ್ತಿತ್ತೋ ಟೂರ್ನರ್ ಚಿತ್ರದ ನಿರ್ಮಾಪಕರನ್ನು ಕೇಳಬೇಕು. ರಾಯ್ ತೋರಿಸುವುದು ಒಂದು ಕೈ ಮಾತ್ರ. ಫಣಿಭೂಷಣ ಹೆಂಡತಿಗೆಂದು ತಂದ ಒಡವೆಯ ಪೆಟ್ಟಿಗೆ ಎದುರಿಗಿದೆ. ಬಳೆ ತೊಟ್ಟ ಮೂಳೆಯ ಕೈಯೊಂದು ಥಟ್ಟನೆ ಅದರ ಮೇಲೆ ಬಿದ್ದು ಕಿತ್ತುಕೊಳ್ಳುತ್ತದೆ. ಅವಳಿಗೆ ಬೇಕಾಗಿದ್ದು ಇವನಲ್ಲ, ಆ ಪೆಟ್ಟಿಗೆ. ಇಡೀ ದಾಂಪತ್ಯ ಆ ಒಂದು ಹಿಡಿತದಲ್ಲಿದೆ. ರಾಯ್ ತಮ್ಮ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟದ್ದು ‘ತೀನ್ ಕನ್ಯಾ’ದಿಂದಲೇ, ಸದ್ದೇ ಜೀವಾಳವಾದ ಈ ಕಥೆಗೆ ಅದು ಒದಗಿಬಂತು.

ಕಥೆಯ ಕೊನೆಯನ್ನೂ ರಾಯ್ ಬದಲಾಯಿಸಿದರು. ಎರಡರಲ್ಲೂ ಊರ ಮೇಷ್ಟರೊಬ್ಬರು ನದಿಯ ಮೆಟ್ಟಿಲ ಮೇಲೆ ಕೂತು ಅಪರಿಚಿತನೊಬ್ಬನಿಗೆ ಈ ಕಥೆ ಹೇಳುತ್ತಾರೆ. ಟ್ಯಾಗೋರರಲ್ಲಿ ಆತ, ತನ್ನ ಹೆಸರೇ ಫಣಿಭೂಷಣ ಎಂದು ಹೇಳಿ, ಹೆಂಡತಿಯ ಹೆಸರು ಮಾತ್ರ ನೃತ್ಯಕಾಳಿ ಎಂದು ಮೇಷ್ಟರ ಕಥೆಯ ಬುಡಕ್ಕೇ ಕೊಡಲಿ ಹಾಕುತ್ತಾನೆ. ರಾಯ್ ಚಿತ್ರದಲ್ಲಿ ಮುಸುಕು ಹೊದ್ದ ಆತ ನಿಜಕ್ಕೂ ಸತ್ತ ಫಣಿಭೂಷಣನೇ, ಹೇಳಿ ಮಾಯವಾಗುತ್ತಾನೆ. ಇಲ್ಲಿ ನಾನು ಟ್ಯಾಗೋರರ ಪಕ್ಷ. ಕಥೆ ಹೇಳುವವನನ್ನೇ ಅನುಮಾನಕ್ಕೆ ಒಡ್ಡುವ ಆ ಮಾತು, ಮಾಯವಾಗುವ ದೆವ್ವಕ್ಕಿಂತ ಹೆಚ್ಚು ಕಾಲ ಕಾಡುತ್ತದೆ.

ಕೇರಳದ ‘ಭಾರ್ಗವಿ ನಿಲಯಂ’ ಇನ್ನೊಂದು ಬಗೆಯ ಪೇಚಿನಲ್ಲಿ ಹುಟ್ಟಿತು. ವೈಕಂ ಮುಹಮ್ಮದ್ ಬಷೀರರ ‘ನೀಲವೆಳಿಚ್ಚಂ’ ಕಥೆಯಲ್ಲಿ ಲೇಖಕನೊಬ್ಬ, ಹುಡುಗಿಯೊಬ್ಬಳು ಬಾವಿಗೆ ಬಿದ್ದು ಸತ್ತ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾನೆ. ಭಾರ್ಗವಿ ಎಂಬ ಆ ಕಾಣದ ಹುಡುಗಿಯೊಂದಿಗೆ ಸಲುಗೆಯಿಂದ ಮಾತಾಡುತ್ತಾನೆ, ಅವಳಿಗಾಗಿ ಗ್ರಾಮೊಫೋನ್ ಹಾಕುತ್ತಾನೆ. ಒಂದು ರಾತ್ರಿ ಲಾಂದ್ರದ ಎಣ್ಣೆ ತೀರಿ, ಸೀಮೆಎಣ್ಣೆ ತರಲು ಗೆಳೆಯರ ಬಳಿ ಹೋಗಿ ಬರುವಷ್ಟರಲ್ಲಿ ಕೋಣೆಯಲ್ಲಿ ನೀಲಿ ಬೆಳಕು ತುಂಬಿದೆ. ಕಥೆ ಅಲ್ಲಿಗೇ ಮುಗಿಯಿತು. ಛಾಯಾಗ್ರಾಹಕರಾಗಿದ್ದ ಎ. ವಿನ್ಸೆಂಟ್ ತಮ್ಮ ಮೊದಲ ನಿರ್ದೇಶನವಾಗಿ 1964ರಲ್ಲಿ ಇದನ್ನು ಕೈಗೆತ್ತಿಕೊಂಡಾಗ ಚಿತ್ರ ಕಪ್ಪು-ಬಿಳುಪು. ನೀಲಿಯೇ ಪ್ರಾಣವಾದ ಕಥೆಗೆ ನೀಲಿ ಸಿಗುವಂತಿರಲಿಲ್ಲ.

ಚಿತ್ರಕಥೆ ಬರೆದವರು ಬಷೀರರೇ. ಅವರು ಭಾರ್ಗವಿಯದು ಆತ್ಮಹತ್ಯೆಯಲ್ಲ, ಕೊಲೆ ಎಂದರು, ಕೊಲೆಗಾರ ಕೊನೆಗೆ ಅದೇ ಬಾವಿಗೆ ಬೀಳುವಂತೆ ಮಾಡಿದರು. ಬಾಬುರಾಜರ ಸಂಗೀತ, ಯೇಸುದಾಸರು ಹಾಡಿದ ‘ತಾಮಸಮೆಂದೇ ವರುವಾನ್’ ಇಂದಿಗೂ ಮಲಯಾಳಿಗಳ ಬಾಯಲ್ಲಿದೆ. 2023ರಲ್ಲಿ ಆಶಿಕ್ ಅಬು ಅದೇ ಚಿತ್ರಕಥೆಯನ್ನು ‘ನೀಲವೆಳಿಚ್ಚಂ’ ಎಂಬ ಹೆಸರಲ್ಲಿ ಮತ್ತೆ ತೆಗೆದರು, ಈ ಸಲ ಬಣ್ಣದಲ್ಲಿ. ನೀಲಿ ಕೈಗೆ ಸಿಕ್ಕಿತ್ತು, ಆದರೆ ಕೊಲೆಯ ಕಥೆ ಉಳಿದೇ ಇತ್ತು. ಕಥೆಯಲ್ಲಿ ಮುಚ್ಚಿಟ್ಟಿದ್ದನ್ನು ತೆರೆಗಾಗಿ ಬಿಚ್ಚಿದವರು ಸ್ವತಃ ಕಥೆಗಾರರೇ ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಹಾಗಿದ್ದೂ ಆ ಬೆಳಕು ಯಾರು ಹಚ್ಚಿದ್ದೆಂದು ಯಾರೂ ಹೇಳದ ಆ ಪುಟ್ಟ ಕಥೆಯೇ ನನಗೆ ಬೇಕು. ಸಿನಿಮಾ ನೋಡುವವರು ಮೊದಲು ಅದನ್ನು ಓದಿಕೊಂಡೇ ಹೋಗಲಿ.