ಊರಂಚಿನ ಹೊಲ

2025ರ ಬೇಸಿಗೆಯಲ್ಲಿ ಎರಡು ತಿಂಗಳ ಕಾಲ ನಾನು ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೆ. ಲಂಡನ್ನಿನ ಉತ್ತರಕ್ಕೆ, ಹರ್ಟ್‌ಫರ್ಡ್‌ಷೈರ್ ಪ್ರಾಂತದ ಒಂದು ಸಣ್ಣ ಹಳ್ಳಿ. ಒಂದು ಚರ್ಚು, ಒಂದು ಶಾಲೆ, ಒಂದು ಅಂಗಡಿ. ಕೊನೆಯ ಮನೆ ಮುಗಿದೊಡನೆ ಗೋಧಿಯ ಹೊಲ. ಒಂದು ದಿನ ಬೆಳಗಿನ ತಿರುಗಾಟದಲ್ಲಿ ಆ ಹೊಲದ ಬದಿಯ ದೀಪದ ಕಂಬಕ್ಕೆ ಹಳದಿ ಕಾಗದವೊಂದನ್ನು ಕಟ್ಟಿರುವುದು ಕಣ್ಣಿಗೆ ಬಿತ್ತು. ಇಲ್ಲಿ 40 ಮನೆಗಳನ್ನು ಕಟ್ಟಲು ಅನುಮತಿ ಕೋರಿ ಅರ್ಜಿ ಬಂದಿದೆ, ಹೇಳುವುದಿದ್ದವರು 21 ದಿನಗಳೊಳಗೆ ಬರೆದು ತಿಳಿಸಬಹುದು ಎಂಬುದು ಅದರ ಸಾರಾಂಶ.

ಆ ಒಂದು ಹಾಳೆಯಿಂದ ಊರು ಎರಡು ಪಕ್ಷವಾಯಿತು. ‘ನಮ್ಮ ಹೊಲವನ್ನು ಉಳಿಸಿ’ ಎಂಬ ಬರಹಗಳು ಕಿಟಕಿಗಳಲ್ಲಿ ಕಾಣಿಸಿಕೊಂಡವು. ಹೊಲವಾದರೋ ಊರಿನದಲ್ಲ, ಒಬ್ಬ ರೈತನದು. ತನ್ನ ನೆಲವನ್ನು ಯಾರಿಗೆ ಬೇಕಾದರೂ ಮಾರಬಲ್ಲವನು ಅದರ ಮೇಲೆ ಮನೆ ಏಳುವುದಕ್ಕೆ ಊರನ್ನೇಕೆ ಕೇಳಬೇಕು? ಆ ಹೊಲ ‘ಗ್ರೀನ್ ಬೆಲ್ಟ್’ಗೆ, ಎಂದರೆ ಹಸಿರು ವಲಯಕ್ಕೆ ಸೇರಿದ್ದು ಎಂಬುದು ಎಲ್ಲರೂ ಕೊಟ್ಟ ಉತ್ತರ. ಆ ಮಾತಿನ ಅರ್ಥವನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದರು.

ನಗರ ಹಬ್ಬದಂತೆ ತಡೆಯುವ ಬಯಕೆ ಆ ದೇಶದಲ್ಲಿ ಹಳೆಯದು. 1580ರಲ್ಲಿಯೇ ಮೊದಲನೆಯ ಎಲಿಜಬೆತ್ ರಾಣಿ ಲಂಡನ್ನಿನ ಹೆಬ್ಬಾಗಿಲುಗಳಿಂದ ಮೂರು ಮೈಲಿಯೊಳಗೆ ಹೊಸ ಮನೆ ಕಟ್ಟಕೂಡದೆಂದು ಆಜ್ಞೆ ಹೊರಡಿಸಿದ್ದಳು. ಆಜ್ಞೆ ಕಾಗದದಲ್ಲಿ ಉಳಿಯಿತು, ಮನೆಗಳು ಏಳುತ್ತಲೇ ಹೋದವು. 1898ರಲ್ಲಿ ಎಬೆನೀಜರ್ ಹೋವರ್ಡ್ ಎಂಬಾತ ಬೇರೊಂದು ದಾರಿಯನ್ನು ಸೂಚಿಸಿದ. ಆತ ವಾಸ್ತುಶಿಲ್ಪಿಯಲ್ಲ, ಪಾರ್ಲಿಮೆಂಟಿನ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದವನು. ಮಿತವಾದ ಜನಸಂಖ್ಯೆಯ ಉದ್ಯಾನನಗರ. ಅದರ ಸುತ್ತ ಎಂದೆಂದಿಗೂ ಬೇಸಾಯದ ಭೂಮಿ. ಊರು ತುಂಬಿದರೆ ಆ ಭೂಮಿಯನ್ನು ನುಂಗದೆ ಅದರಾಚೆಗೆ ಮತ್ತೊಂದು ಊರು. ಇದು ಅವನ ಕಲ್ಪನೆ. ಅಂಥ ಮೊದಲ ಊರಾದ ಲೆಚ್‌ವರ್ತ್ 1903ರಲ್ಲಿ ಪ್ರಾರಂಭವಾದದ್ದು ಇದೇ ಹರ್ಟ್‌ಫರ್ಡ್‌ಷೈರಿನಲ್ಲಿ. ಹೊಲವನ್ನು ಉಳಿಸಬೇಕೆಂದವನು ಮನೆಯನ್ನೂ ಕಟ್ಟಬೇಕೆಂದಿದ್ದ ಎಂಬುದನ್ನು ಅವನ ಹೆಸರೆತ್ತುವ ಎಷ್ಟೋ ಜನ ಮರೆತಿದ್ದಾರೆ.

1938ರಲ್ಲಿ ಲಂಡನ್ನಿನ ಸುತ್ತಣ ಹಸಿರು ವಲಯಕ್ಕೆಂದೇ ಒಂದು ಕಾಯಿದೆ ಬಂದಿತು. 1944ರಲ್ಲಿ ಪ್ಯಾಟ್ರಿಕ್ ಅಬರ್‌ಕ್ರಾಂಬಿ ಸಿದ್ಧಪಡಿಸಿದ ಮಹಾಲಂಡನ್ ಯೋಜನೆ ಅದಕ್ಕೆ ರೂಪು ಕೊಟ್ಟಿತು. ಆದರೆ ನಿಜವಾದ ತಿರುವು 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ. ಅಂದಿನಿಂದ ಭೂಮಿ ಒಡೆಯನದೇ ಆದರೂ ಅದರ ಮೇಲೆ ಕಟ್ಟುವ ಹಕ್ಕು ಸಮಾಜದ ಕೈಗೆ ಬಂದಿತು. ಸ್ಥಳೀಯ ಸಂಸ್ಥೆಯ ಅನುಮತಿಯಿಲ್ಲದೆ ಹೊಲ ನಿವೇಶನವಾಗಲಾರದು. 1955ರಲ್ಲಿ ಡಂಕನ್ ಸ್ಯಾಂಡಿಸ್ ಎಂಬ ಸಚಿವ ಇತರ ನಗರಗಳೂ ಇಂಥ ವಲಯಗಳನ್ನು ಗುರುತಿಸಿಕೊಳ್ಳುವಂತೆ ಸುತ್ತೋಲೆ ಕಳುಹಿಸಿದ. ಈಗ ಇಂಗ್ಲೆಂಡಿನ ನೆಲದ ಸುಮಾರು ಎಂಟನೆಯ ಒಂದು ಪಾಲು ಹಸಿರು ವಲಯದಲ್ಲಿದೆ.

ಈ ವಲಯಕ್ಕೆ ನೀತಿಪತ್ರಗಳು ಐದು ಉದ್ದೇಶಗಳನ್ನು ಹೇಳುತ್ತವೆ: ದೊಡ್ಡ ನಗರಗಳು ಮಿತಿಯಿಲ್ಲದೆ ಹರಡದಿರಲಿ, ನೆರೆಯ ಪಟ್ಟಣಗಳು ಒಂದರೊಳಗೊಂದು ಬೆರೆತುಹೋಗದಿರಲಿ, ಗ್ರಾಮಾಂತರ ಪ್ರದೇಶ ಒತ್ತುವರಿಯಾಗದಿರಲಿ, ಐತಿಹಾಸಿಕ ಪಟ್ಟಣಗಳ ಪರಿಸರ ಉಳಿಯಲಿ, ನಗರದೊಳಗಿನ ಪಾಳುಜಾಗ ಮೊದಲು ಬಳಕೆಗೆ ಬರಲಿ. ಹೊಲದ ಚೆಲುವು ಎಂಬ ಮಾತು ಈ ಐದರಲ್ಲಿ ಎಲ್ಲಿಯೂ ಇಲ್ಲ. ಮುಳ್ಳುಕಂಟಿ ಬೆಳೆದ ಬೀಳುನೆಲವೂ ಹಸಿರು ವಲಯವಾಗಬಹುದು. ಅತಿ ಸುಂದರವಾದ ಕಣಿವೆ ಅದರ ಹೊರಗಿರಬಹುದು. ನಗರದ ಸೊಂಟಕ್ಕೆ ಕಟ್ಟಿದ ಉಡಿದಾರವಿದು. ಉಡಿದಾರವನ್ನು ಕೂಸು ಬೆಳೆದಂತೆ ಬಿಚ್ಚಿ ಕಟ್ಟಬೇಕಾಗುತ್ತದೆ ಎಂಬುದು ನಮ್ಮ ತಾಯಂದಿರಿಗೆಲ್ಲ ಗೊತ್ತು. ಯಾವಾಗ ಬಿಚ್ಚಬೇಕು, ಎಷ್ಟು ಸಡಿಲಿಸಬೇಕು ಎಂಬುದರಲ್ಲಿಯೇ ಜಗಳ.

ಹಳ್ಳಿಯ ಸಭಾಭವನದಲ್ಲಿ ಒಂದು ಸಂಜೆ ಆ ಜಗಳವನ್ನು ಕಣ್ಣಾರೆ ಕಂಡೆ. ಮೊದಲು ಎದ್ದವರು ವೃದ್ಧರೊಬ್ಬರು. ಐವತ್ತು ವರ್ಷಗಳಿಂದ ಆ ಹೊಲದಲ್ಲಿ ಬಾನಾಡಿಗಳ ದನಿ ಕೇಳುತ್ತ ಬಂದಿದ್ದೇನೆ, ಹೋದ ಹಕ್ಕಿಯನ್ನು ಯಾವ ಅನುಮತಿಯೂ ಹಿಂದಕ್ಕೆ ತರಲಾರದು ಎಂದರು. ಅವರ ಧ್ವನಿ ನಡುಗುತ್ತಿತ್ತು. ಬಳಿಕ ಎದ್ದವಳು ಅಲ್ಲಿನ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುವ ಹೆಂಗಸು, ಅದೇ ಊರಿನಲ್ಲಿ ಹುಟ್ಟಿದವಳು. “ನಿಮ್ಮ ತಂದೆತಾಯಿಯರಿಗೆ ಊಟ ಮಾಡಿಸಲು ದಿನವೂ ಎರಡು ಬಸ್ಸು ಹಿಡಿದು ಬರುತ್ತೇನೆ. ನನ್ನ ಸಂಬಳಕ್ಕೆ ಈ ಊರಿನಲ್ಲಿ ಒಂದು ಕೋಣೆಯೂ ಸಿಗದು,” ಎಂದು ಹೇಳಿ ಕುಳಿತಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಸಭೆಗೆ ಬಂದಿದ್ದ ಅಧಿಕಾರಿಯೊಬ್ಬರು ಒಂದು ವಿಷಯವನ್ನು ಬಿಡಿಸಿ ಹೇಳಿದರು. ರಸ್ತೆಯ ದಟ್ಟಣೆ, ಮಳೆನೀರಿನ ಹರಿವು, ಶಾಲೆಯಲ್ಲಿನ ಸ್ಥಳ, ಪಕ್ಕದ ಮನೆಯ ಏಕಾಂತ, ಇವು ಪರಿಗಣನೆಗೆ ಬರುವ ಆಕ್ಷೇಪಣೆಗಳು. ನನ್ನ ಮನೆಯ ಬೆಲೆ ಇಳಿಯುತ್ತದೆ, ನನ್ನ ಕಿಟಕಿಯ ನೋಟ ಮರೆಯಾಗುತ್ತದೆ ಎಂಬುವು ಬರುವುದಿಲ್ಲ. ಹಸಿರು ವಲಯದಲ್ಲಿ ಹೊಸ ಕಟ್ಟಡ ಸಾಮಾನ್ಯವಾಗಿ ಅನುಚಿತ. ಬೇಸಾಯದ ಕಟ್ಟಡ, ಮನೆಗಳ ನಡುವಣ ಖಾಲಿ ಜಾಗ ತುಂಬುವುದು, ಸ್ಥಳೀಯರಿಗೆ ಕೈಗೆಟುಕುವ ಕೆಲವೇ ಮನೆಗಳು, ಇಂಥವು ಅದಕ್ಕೆ ಅಪವಾದ. ಉಳಿದದ್ದಕ್ಕೆ ‘ಅತಿ ವಿಶೇಷ ಸಂದರ್ಭ’ವನ್ನು ಅರ್ಜಿದಾರನೇ ಸಾಧಿಸಿ ತೋರಿಸಬೇಕು. 2024ರ ಜುಲೈನಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಐದು ವರ್ಷಗಳಲ್ಲಿ 15 ಲಕ್ಷ ಮನೆಗಳ ಗುರಿಯಿಟ್ಟುಕೊಂಡು, ಅದೇ ಡಿಸೆಂಬರಿನಲ್ಲಿ ‘ಬೂದು ವಲಯ’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಹಸಿರು ವಲಯದ ಮುಖ್ಯ ಉದ್ದೇಶಗಳಿಗೆ ಬಲವಾಗಿ ನೆರವಾಗದ ನೆಲ ಅದು. ಅಲ್ಲಿ ಮನೆಗಳ ಕೊರತೆಯಿದ್ದು ಸ್ಥಳ ಸೂಕ್ತವಾಗಿದ್ದರೆ ಕಟ್ಟಬಹುದು. ಆದರೆ ಕೈಗೆಟುಕುವ ಬೆಲೆಯ ಮನೆಗಳ ಪಾಲು ಹೆಚ್ಚಿರಬೇಕು, ಸೌಕರ್ಯಗಳು ಬರಬೇಕು, ಜನ ಓಡಾಡಲು ಹಸಿರು ಜಾಗ ಬಿಡಬೇಕು. ಹೀಗೆ ಹಳ್ಳಿಗಳಂಚಿನ ಎಷ್ಟೋ ಹೊಲಗಳು ಮರುವಿಚಾರಣೆಗೆ ಬಂದವು.

ಮನೆಗೆ ನಡೆಯುವಾಗ ಮಗಳು ಕೇಳಿದಳು: “ಅಪ್ಪಾ, ಬಾಡಿಗೆಯವಳಾದ ನಾನು ಯಾವ ಕಡೆ ಸೇರಲಿ? ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?”

ನಾನು ಥಟ್ಟನೆ ಉತ್ತರ ಕೊಡಲಾರದೆ ಹೋದೆ. ಅದಕ್ಕೆ ಕಾರಣ ಬೆಂಗಳೂರಿನಲ್ಲಿರುವ ನನ್ನ ಮನೆ.

ಹಸಿರು ವಲಯದ ಕಲ್ಪನೆ ನಮ್ಮಲ್ಲಿಗೂ ಬಂದಿತು. ಬೆಂಗಳೂರಿನ 1984ರ ಸಮಗ್ರ ಅಭಿವೃದ್ಧಿ ಯೋಜನೆ ನಗರಕ್ಕೆ ಸುಮಾರು 439 ಚದರ ಕಿಲೋಮೀಟರನ್ನೂ, ಅದರ ಸುತ್ತ ಹಸಿರು ವಲಯಕ್ಕೆ ಸುಮಾರು 839 ಚದರ ಕಿಲೋಮೀಟರನ್ನೂ ಗುರುತಿಸಿತ್ತು. ಆ ವಲಯದ ಹಳ್ಳಿಯೊಂದರ ಅಂಚಿನಲ್ಲಿ 1994ರಲ್ಲಿ ನಾನೊಂದು ಕಂದಾಯ ನಿವೇಶನ ಕೊಂಡೆ. ಅಧ್ಯಾಪಕನ ಸಂಬಳಕ್ಕೆ ನಗರದೊಳಗೆ ನೆಲ ಎಟುಕುತ್ತಿರಲಿಲ್ಲ, ಮಕ್ಕಳು ಬೆಳೆಯುತ್ತಿದ್ದರು. ನಕ್ಷೆಯಲ್ಲಿ ಬೇಸಾಯದ ಬಣ್ಣ ಹಸಿರು, ವಸತಿಯ ಬಣ್ಣ ಹಳದಿ. “ಇವತ್ತು ಹಸಿರು, ನಾಳೆ ಹಳದಿ, ಯೋಚನೆ ಮಾಡಬೇಡಿ ಮೇಷ್ಟ್ರೇ,” ಎಂದ ಮಾರಿದವನು. ಅವನ ಮಾತು ಸುಳ್ಳಾಗಲಿಲ್ಲ. 1995ರ ಪರಿಷ್ಕೃತ ಯೋಜನೆಯೂ 2007ರಲ್ಲಿ ಮಂಜೂರಾದ ಯೋಜನೆಯೂ ನಗರದ ಗೆರೆಯನ್ನು ಹೊರಹೊರಕ್ಕೆ ಸರಿಸಿದವು. ರಾಗಿಯ ಹೊಲ ಹೋಯಿತು, ಗುಂಡುತೋಪಿನಲ್ಲಿ ಎರಡು ಮರ ಉಳಿದವು. ಕೆರೆಗೆ ಹೋಗುತ್ತಿದ್ದ ಕಾಲುವೆಯ ಮೇಲೆಯೇ ನಮ್ಮ ಅಡ್ಡರಸ್ತೆ ಬಂದದ್ದರಿಂದ, ಜೋರು ಮಳೆ ಬಂದ ರಾತ್ರಿ ನೀರು ತನ್ನ ಹಳೆಯ ದಾರಿಯನ್ನು ನಮ್ಮ ನಡುಮನೆಯಲ್ಲಿ ಹುಡುಕುತ್ತದೆ.

ಮನೆ ಬೇಕಿತ್ತು ಎಂಬುದು ನಿಜ. ಹೊಲ ಹಾಳಾಯಿತು ಎಂಬುದೂ ನಿಜ. ಆದರೆ ಆ ಹೊಲ ಬೀದಿಯಾಗುವ ಮುನ್ನ ಯಾವ ಕಂಬಕ್ಕೂ ಯಾರೂ ಕಾಗದ ಕಟ್ಟಲಿಲ್ಲ. ಕಾಲುವೆ ಎಲ್ಲಿ ಹರಿಯಬೇಕು, ದನ ಎಲ್ಲಿ ಮೇಯಬೇಕು, ಮನೆ ಯಾರಿಗೆ ಬೇಕು ಎಂದು ಆ ಊರಿನವರನ್ನು ಕೇಳಲಿಲ್ಲ. ಕೊಂಡ ನಾನೂ ಕೇಳಲಿಲ್ಲ. ಹಸಿರು ವಲಯದ ಬೆಲೆ ಅದರ ಹಸಿರಿನಲ್ಲಿ ಮಾತ್ರವೇ ಇಲ್ಲ, ಹಾಗೆ ಕೇಳಲೇಬೇಕೆಂಬ ಕಟ್ಟಿನಲ್ಲಿಯೂ ಇದೆ ಎಂಬುದು ನನಗೆ ಮನವರಿಕೆಯಾದದ್ದು ಅಷ್ಟು ದೂರದ ಆ ಹಳ್ಳಿಯಲ್ಲಿ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಗಡುವು ಮುಗಿಯಲು ಎರಡು ದಿನವಿರುವಾಗ ಅವಳು ಪತ್ರ ಬರೆದಳು. ಮನೆಗಳು ಬರಲಿ, ಆದರೆ ಅವುಗಳಲ್ಲಿ ಅರ್ಧದಷ್ಟಾದರೂ ಈ ಊರಿನಲ್ಲಿ ದುಡಿಯುವವರ ಕೈಗೆಟುಕುವಂತಿರಲಿ, ಹೊಲದ ಅಂಚಿನ ಹಳೆಯ ಬೇಲಿಸಾಲನ್ನು ಕಡಿಯಬೇಡಿ, ಮಳೆಯ ನೀರು ಎಲ್ಲಿಗೆ ಹೋಗುವುದೆಂದು ಮೊದಲು ತೋರಿಸಿ ಎಂದು ಕೇಳಿದ್ದಳು. ನಾನು ಊರಿಗೆ ಹೊರಡುವ ವೇಳೆಗೆ ತೀರ್ಮಾನವಾಗಿರಲಿಲ್ಲ. ಕಂಬದ ಮೇಲಿನ ಕಾಗದ ಮಳೆಗೆ ನೆನೆದು ಬಣ್ಣಗೆಟ್ಟಿತ್ತು. ಅದರ ಹಿಂದೆ ಗೋಧಿ ಕೊಯ್ಲಿಗೆ ಬಂದಿತ್ತು.